ಮೊದಲು ಕಿವಿ, ಆಮೇಲೆ ನಾಲಿಗೆ

ಮಗುವಿಗೆ ಮಾತು ಬರಲಿಲ್ಲವೆಂದರೆ ನಮ್ಮ ಕಡೆ ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ. ಆದರೂ ಬರದಿದ್ದರೆ ತಪ್ಪೆಲ್ಲ ತಾಯಿಯದು.

ಕಲಬುರಗಿಯಿಂದ ಕಮಲಾಪುರದ ಶಾಲೆಗೆ ನಾನು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಾಗ, ಬಿಸಿಯೂಟದ ಅಡುಗೆಯಾಕೆ ಎರಡು ವರ್ಷದ ಮೊಮ್ಮಗನನ್ನು ಕರೆತರುತ್ತಿದ್ದಳು. "ಸೊಸಿನೇ ಮೂಗಬಸವಿ ಅದಾಳ್ರೀ ಟೀಚರ್, ಕೂಸಿಗೆ ಮಾತು ಎಲ್ಲಿಂದ ಬರಬೇಕು?" ಎನ್ನುವಳು. ಒಂದು ದಿನ ಹುಡುಗನ ಬೆನ್ನ ಹಿಂದೆಯೇ ತಾಟುಗಳು ದಡದಡ ಬಿದ್ದವು. ಅವನು ತಿರುಗಲೇ ಇಲ್ಲ. "ಮೊದಲು ಕಿವಿ ತೋರಸ್ರಿ" ಎಂದೆ. ಕಲಬುರಗಿಯಲ್ಲಿ ಪರೀಕ್ಷೆಯಾಯಿತು, ಎರಡೂ ಕಿವಿ ಮಂದ. ಯಂತ್ರ ಬಂತು, ಮಾತಿನ ತರಬೇತಿ ನಡೆಯಿತು. ತಿಂಗಳುಗಳ ಮೇಲೆ ಹುಡುಗ "ಅವ್ವಾ" ಎಂದ. ಸೊಸೆಯ ಮೇಲಿನ ಅಪವಾದವೂ ಅಂದೇ ಇಳಿಯಿತು.

ತಡವಾಗಿ ಮಾತಾಡುವ ಮಕ್ಕಳಲ್ಲಿ ಎಷ್ಟೋ ಮಂದಿ ತಾವಾಗಿಯೇ ಸರಿಹೋಗುತ್ತಾರೆ, ನಿಜ. ಆದರೆ ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ನಾಲ್ಕು ಮಾತೂ ಇಲ್ಲದೆ ಬೆರಳು ಮಾಡಿಯೂ ತೋರಿಸದಿದ್ದರೆ, ಎರಡು ವರ್ಷಕ್ಕೆ "ಹಾಲು ಬೇಕು" ಎಂದು ಎರಡು ಪದ ಕೂಡಿಸದಿದ್ದರೆ ಡಾಕ್ಟರಿಗೆ ತೋರಿಸಬೇಕು. ಬಂದ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ಕಾಯಬಾರದು.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಅಜ್ಜಿಯದು ತೆಲುಗು ಎಂದು ಹೆದರಬೇಡಿ. ಹಲವು ಭಾಷೆ ಮಗುವನ್ನು ಮೂಕವಾಗಿಸುವುದಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೇ ತಂಡ ಬಂದು ಮಕ್ಕಳನ್ನು ಉಚಿತವಾಗಿ ನೋಡುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತೋರಿಸಿ ಏನೂ ಇಲ್ಲವೆಂದಾದರೆ ಹೋಗುವುದು ಒಂದು ದಿನ. ಸುಮ್ಮನೆ ಕಾದರೆ ಹೋಗುವುದು ಮಗು ಮಾತು ಕಲಿಯುವ ವಯಸ್ಸು.