ಗೋದಲಿಯ ಪಕ್ಕದಲ್ಲೊಂದು ತೂಕದ ಮೆಷೀನು

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಯಾವ ಕಾಯಿಲೆಯ ಸುದ್ದಿ ಎತ್ತಿದರೂ ಒಂದೇ ಉತ್ತರ: ‘ಹಬ್ಬ ಮುಗೀಲಿ, ಆಮೇಲೆ ನೋಡೋಣ.’ ಹಲ್ಲು ನೋವು, ಮಂಡಿ ನೋವು, ರಾತ್ರಿಯೆಲ್ಲ ಬಿಡದ ಕೆಮ್ಮು, ಹೋದ ತಿಂಗಳೇ ಮಾಡಿಸಬೇಕಿದ್ದ ರಕ್ತ ಪರೀಕ್ಷೆ, ಎಲ್ಲವೂ ಜನವರಿಗೆ ಹೋಗಿ ಕೂರುತ್ತವೆ. ಈ ಮಾತನ್ನು ಹೆಚ್ಚಾಗಿ ಆಡುವವರು ಹೆಂಗಸರು, ಅದರಲ್ಲೂ ವಯಸ್ಸಾದವರು. ಬಾಲಯೇಸುವನ್ನು ಮಲಗಿಸುವ ಗೋದಲಿಗೆ ಹುಲ್ಲು ಬಂದಿಲ್ಲ, ಮೊಮ್ಮಗಳ ಲಂಗ ದರ್ಜಿಯ ಹತ್ತಿರವೇ ಇದೆ, ಹಿಟ್ಟು ಮಾಡಿಸಬೇಕು, ಇಷ್ಟರ ನಡುವೆ ನಾನು ಹಾಸಿಗೆ ಹಿಡಿದರೆ ಮನೆಯವರ ಹಬ್ಬ ಕೆಡುತ್ತದಲ್ಲ ಎನ್ನುವ ಸಂಕಟ ಅವರದು. ಅದು ಪ್ರೀತಿಯಿಂದಲೇ ಹುಟ್ಟಿದ ಸಂಕಟ. ಅದಕ್ಕೇ ಅದನ್ನು ಬಿಡಿಸುವುದು ಇಷ್ಟು ಕಷ್ಟ.

ಈ ಸಂಕಟ ನಮ್ಮೂರಿನದು ಮಾತ್ರವಲ್ಲ. ಸ್ವೀಡನ್ ದೇಶದಲ್ಲಿ 1998ರಿಂದ 2013ರವರೆಗೆ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಎರಡೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಅಲ್ಲಿನ ವೈದ್ಯರು ಕೂಡಿ ನೋಡಿ 2018ರಲ್ಲಿ ಪ್ರಕಟಿಸಿದರು. ಉಳಿದ ದಿನಗಳಿಗಿಂತ ಡಿಸೆಂಬರ್ 24ರಂದು ಹೃದಯಾಘಾತದ ಸಾಧ್ಯತೆ ಶೇಕಡಾ 37ರಷ್ಟು ಹೆಚ್ಚಿತ್ತು. ಅದೂ ರಾತ್ರಿ ಹತ್ತು ಗಂಟೆಯ ಸುಮಾರಿಗೆ. 75 ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು, ಮೊದಲೇ ಹೃದಯದ ತೊಂದರೆ ಇದ್ದವರು ಹೆಚ್ಚು ಸಿಕ್ಕಿಬಿದ್ದರು. ಅಮೆರಿಕದಲ್ಲಿ 1973ರಿಂದ 2001ರವರೆಗಿನ ಮರಣ ಪತ್ರಗಳನ್ನು ತೆಗೆದು ನೋಡಿದವರಿಗೂ ಕ್ರಿಸ್ಮಸ್ ಮತ್ತು ಹೊಸ ವರ್ಷದ ಸುತ್ತ ಹೃದಯದ ಸಾವುಗಳು ಏರುವುದು ಕಂಡಿತ್ತು. ಚಳಿಯೊಂದೇ ಅದಕ್ಕೆ ಕಾರಣವಲ್ಲ, ಹಬ್ಬದ ನೆಪದಲ್ಲಿ ಜನ ಆಸ್ಪತ್ರೆಗೆ ಹೋಗುವುದನ್ನು ತಡಮಾಡುವುದೂ ಇರಬಹುದು ಎಂದು ಅವರು ಬರೆದರು. ಅದನ್ನು ಓದಿದಾಗ ನನಗೆ ಅಂಕಿಗಳಿಗಿಂತ ಮೊದಲು ಕಂಡದ್ದು ನಮ್ಮ ಅತ್ತೆಯ ಕಾಲು.

ನಮ್ಮದು ಮೈಸೂರು. ಅತ್ತೆಗೆ ಎಪ್ಪತ್ತೈದು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು, ಹೃದಯದ ಬಡಿತ ಸೋತಿದೆ ಎಂದು ಡಾಕ್ಟರು ಹೇಳಿ ಕೆಲವು ವರ್ಷಗಳಾದವು. ಆದರೂ ಹಬ್ಬದ ತಿಂಡಿ ಕಲ್ಕಲ ಮಾಡುವ ದಿನ ಅಡುಗೆಮನೆ ಅವರದೇ. ಮೈದಾಕ್ಕೆ ತೆಂಗಿನ ಹಾಲು, ಮೊಟ್ಟೆ, ಸ್ವಲ್ಪ ಬೆಣ್ಣೆ ಹಾಕಿ ನಾದಿ, ಗೋಲಿಯಷ್ಟು ಗಾತ್ರದ ಉಂಡೆಗಳನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತ ಹಿಂದಕ್ಕೆ ಎಳೆದರೆ ಅದು ಗೆರೆಗೆರೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮಕ್ಕಳು ಸುತ್ತ ಕೂತು ಅದೇ ಕೆಲಸ ಮಾಡುತ್ತಿದ್ದರೂ ಅತ್ತೆಯ ಸುರುಳಿ ಯಾವುದು ಎಂದು ಎಣ್ಣೆಗೆ ಬಿಟ್ಟ ಮೇಲೂ ಹೇಳಬಹುದು, ಅಷ್ಟು ಒಪ್ಪ. ಹಾಗೆ ಅವರು ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾಗ ಬೆಳ್ಳಿ ಕಾಲುಂಗುರ ಬೆರಳಿನೊಳಗೆ ಇಳಿದಂತೆ ಕಂಡಿತು. ಹಿಟ್ಟಿನ ಕೈ ಒರೆಸಿಕೊಂಡು ಅವರ ಹರಡಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಬಿತ್ತು. ಬಿದ್ದ ಗುಳಿ ಬೇಗ ತುಂಬಲಿಲ್ಲ.

‘ಏನಿಲ್ಲ ಕಣಮ್ಮ, ಒಂದೇ ಕಡೆ ಕೂತಿದ್ದಕ್ಕೆ ನೀರಿಳಿದಿದೆ’ ಅಂದರು.

‘ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗಿದ್ರಿ ಅತ್ತೆ?’

ಅವರು ಉತ್ತರ ಕೊಡಲಿಲ್ಲ. ಹಜಾರದಲ್ಲಿ ಗೋದಲಿಗೆ ಬಿದಿರು ಸೀಳುತ್ತಿದ್ದ ಮಾವ ಅಲ್ಲಿಂದಲೇ ಹೇಳಿದರು: ‘ನನ್ನ ದಿಂಬೂ ಅವಳ ಹತ್ರಾನೇ ಇದೆ.’

ಹೃದಯ ಸೋತವರ ಮನೆಯಲ್ಲಿ ದಿಂಬು ಲೆಕ್ಕ ಇಡಬೇಕಾದ ವಸ್ತು. ಹೃದಯ ರಕ್ತವನ್ನು ಸರಿಯಾಗಿ ದಬ್ಬದೆ ಹೋದಾಗ ನೀರು ಕಾಲಿಗಿಳಿಯುತ್ತದೆ, ಶ್ವಾಸಕೋಶಕ್ಕೂ ಬರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎತ್ತರಕ್ಕೆ ಒರಗಿದರೆ ಸ್ವಲ್ಪ ಹಗುರ. ಒಂದು ದಿಂಬು ಎರಡಾಗಿ, ಎರಡು ಮೂರಾಯಿತೆಂದರೆ ನೀರು ಏರುತ್ತಿದೆ ಎಂದೇ ಅರ್ಥ. ತೂಕವೂ ಹಾಗೆಯೇ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಹಬ್ಬದ ಊಟದ ಕೊಬ್ಬಲ್ಲ, ನೀರು. ಹಾಗೆ ಏರಿದರೆ ಕಾಯದೆ ಬರಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಂದು ಸಂಜೆಯೇ ಆಸ್ಪತ್ರೆಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಹೇಳಿದ್ದು ಒಂದೇ, ಹಿಟ್ಟು ಒಣಗಿಹೋಗುತ್ತೆ, ಒದ್ದೆ ಬಟ್ಟೆ ಮುಚ್ಚಿದ್ದೀಯಾ? ಮುಚ್ಚಿದ್ದೆ.

ನೀರು ಇಳಿಸುವ ಇಂಜೆಕ್ಷನ್ ಕೊಟ್ಟು ಅಲ್ಲಿಯೇ ಇಟ್ಟುಕೊಂಡರು. ಕ್ರಿಸ್ಮಸ್ ಬೆಳಗಾದದ್ದು ವಾರ್ಡಿನಲ್ಲಿ. ನರ್ಸ್ ಬಂದು ಇನ್ಸುಲಿನ್ ಹಾಕಿದರು, ಹಿಂದೆಯೇ ಉಪ್ಪು ಕಮ್ಮಿಯ ಇಡ್ಲಿ ಬಂತು, ಅತ್ತೆ ತಿಂದರು. ಬಾಯಿ ತೊಳೆಯುತ್ತಿದ್ದಂತೆ ಫಾದರ್ ಪರಮಪ್ರಸಾದ ಹಿಡಿದು ಒಳಗೆ ಬಂದರು. ಅತ್ತೆಯ ಮುಖ ಸಣ್ಣದಾಯಿತು. ‘ತಿಂದುಬಿಟ್ಟಿದ್ದೀನಿ ಸ್ವಾಮಿ. ನನಗೆ ಬೇಡ ಇವತ್ತು’ ಎಂದು ಸೆರಗು ತಲೆಗೆ ಎಳೆದುಕೊಂಡು ಕೈ ಮುಗಿದರು.

ಅವರ ಈ ಸಂಕೋಚಕ್ಕೆ ಚರಿತ್ರೆ ಇದೆ. ಅವರು ಮೊದಲ ಪರಮಪ್ರಸಾದ ಸ್ವೀಕರಿಸಿದ್ದು ಐವತ್ತರ ದಶಕದಲ್ಲಿ. ನಡುರಾತ್ರಿಯಿಂದ ಏನನ್ನೂ ತಿನ್ನಬಾರದು ಎಂದು ಹಿರಿಯರು ಕಲಿಸಿದ್ದರು. ಗುಟುಕು ನೀರನ್ನೂ ಕುಡಿಯಬಾರದೆಂಬ ಹಳೆಯ ಕಟ್ಟುನಿಟ್ಟನ್ನು ಹನ್ನೆರಡನೇ ಪಯಸ್ ಪೋಪರು 1953ರಲ್ಲಿ ಸಡಿಲಿಸಿದರು, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. ಆರನೇ ಪಾಲ್ ಪೋಪರು 1964ರಲ್ಲಿ ಅದನ್ನು ಒಂದು ಗಂಟೆಗೆ ತಂದರು. ಕಾನೂನು ಬದಲಾದರೂ ಅತ್ತೆಯಂಥವರ ಹೊಟ್ಟೆ ಬದಲಾಗಲಿಲ್ಲ. ಭಾನುವಾರ ಬೆಳಗಿನ ಪೂಜೆಗೆ ಇಂದಿಗೂ ಕಾಫಿ ಸಹ ಕುಡಿಯದೆ ಹೊರಡುವ ಅಜ್ಜಿಯರು ಎಷ್ಟೋ ಜನ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ಪೂಜೆಯ ನಡುವೆಯೇ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದು ಬೀಳಬಹುದು. ಭಕ್ತಿಯಿಂದ ತಲೆ ಬಾಗಿಸಿ ಕೂತಿದ್ದಾರೆಂದು ಪಕ್ಕದವರು ಅಂದುಕೊಳ್ಳುವ ಅಪಾಯವೂ ಇದೆ.

ಫಾದರ್ ಚಿಕ್ಕ ವಯಸ್ಸಿನವರು. ಹಾಸಿಗೆಯ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು. ‘ಅಮ್ಮ, ಒಂದು ಗಂಟೆಯ ನಿಯಮ ನಿಮಗಿಲ್ಲ. ವಯಸ್ಸಾದವರಿಗಿಲ್ಲ, ಕಾಯಿಲೆಯವರಿಗಿಲ್ಲ’ ಎಂದು ಹೇಳಿ, ನನ್ನ ಕೈಯಲ್ಲಿದ್ದ ಕಾಫಿ ಲೋಟ ನೋಡಿ, ‘ನೋಡಿಕೊಳ್ಳುವವರಿಗೂ ಇಲ್ಲ’ ಎಂದು ಸೇರಿಸಿದರು. ಮನೆಗೆ ಬಂದ ಮೇಲೆ ನಾನೇ ಹುಡುಕಿ ಓದಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ನಿಯಮ. ನೀರು ಮತ್ತು ಔಷಧಿಯಿಂದ ಯಾರ ಉಪವಾಸವೂ ಮುರಿಯುವುದಿಲ್ಲ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಊಟ ಮಾಡಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ರೋಮಿನಲ್ಲಿ ಕೂತು ಆ ಸಾಲು ಬರೆದವರ ಮನೆಯಲ್ಲಿ ಯಾರೋ ರೋಗಿಯ ಪಕ್ಕ ರಾತ್ರಿ ಕಳೆದವರು ಇದ್ದಿರಲೇಬೇಕು ಅನ್ನಿಸಿತು. ರಾತ್ರಿಯೆಲ್ಲ ಎಚ್ಚರವಿದ್ದು, ಬೆಳಿಗ್ಗೆ ಸಿಕ್ಕಿದ ಹೊತ್ತಿಗೆ ಸಿಕ್ಕಿದ್ದನ್ನು ತಿನ್ನುವ ಮಗಳನ್ನೋ ಸೊಸೆಯನ್ನೋ ನೆನೆಯದೆ ಆ ಮೂರನೆಯ ಮಾತು ಬರುವುದು ಹೇಗೆ?

ನನ್ನ ನಂಬಿಕೆ ಇದು: ಕಾಯಿಲೆಯವರ ವಿಷಯದಲ್ಲಿ ನಾವು ಭಕ್ತರು ಹಿಡಿಯುವಷ್ಟು ಬಿಗಿಯನ್ನು ನಮ್ಮ ಧರ್ಮ ಹಿಡಿಯುವುದಿಲ್ಲ. ಅದರಲ್ಲೂ ಈ ಹಬ್ಬದಲ್ಲಿ. ದೇವರು ಮೈ ತಾಳಿದ ದಿನವಿದು. ಹಸಿವಾಗುವ, ಚಳಿಯಾಗುವ, ಬಟ್ಟೆ ಸುತ್ತಬೇಕಾದ ಮೈ. ಬೇರೆ ಭಾನುವಾರಗಳಲ್ಲಿ ವಿಶ್ವಾಸ ಸಂಗ್ರಹ ಹೇಳುವಾಗ ‘ಅವರು ಮನುಷ್ಯರಾದರು’ ಎನ್ನುವಲ್ಲಿ ತಲೆ ಬಾಗಿಸುತ್ತೇವೆ. ಕ್ರಿಸ್ಮಸ್ ದಿನ ಅದೇ ಜಾಗದಲ್ಲಿ ಇಡೀ ದೇವಾಲಯ ಮೊಣಕಾಲೂರುತ್ತದೆ. ಮೊಣಕಾಲು ಊರಲಾಗದವರು ಕೂತಲ್ಲಿಯೇ ಬಾಗಿದರೆ ಸಾಕು. ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸಿದ ಕತೆಯನ್ನು ನಮಗೆ ಹೇಳಿದವನು ಲೂಕ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಲೂಕನನ್ನು ತನ್ನ ಪ್ರಿಯ ವೈದ್ಯನೆಂದು ಕರೆಯುತ್ತಾನೆ. ನಮ್ಮ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ಕಾಯಿಲೆ ಬಿದ್ದವನಿಗೆ ಪ್ರಾರ್ಥನೆ ಮಾಡು, ಆಮೇಲೆ ವೈದ್ಯನಿಗೂ ಜಾಗ ಬಿಡು ಎಂದು ಬುದ್ಧಿ ಹೇಳುತ್ತದೆ.

ಮೈಸೂರು ಸೀಮೆಯವರಾದ ನಮಗೆ ಇದು ಹೊಸ ಪಾಠವೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ಚದುರಿಹೋದ ಕ್ರೈಸ್ತರನ್ನು ಕೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಸಿಡುಬಿಗೆ ದೇವಿ ಹಾಕುವುದನ್ನು ಈ ನಾಡಿನಲ್ಲಿ ಹರಡಲು ಓಡಾಡಿದವರು. 1803–04ರಲ್ಲಿ 25,432 ಜನಕ್ಕೆ ಹಾಕಿಸಿದ ಲೆಕ್ಕ ಉಳಿದಿದೆ. ಹಾಸನದ ಕಡೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಜಪಸರ ಹಿಡಿದ ಕೈಯಲ್ಲೇ ಅವರು ಈ ಕೆಲಸವನ್ನೂ ಮಾಡಿಸಿದರು, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ನಮ್ಮ ಅತ್ತೆಗೆ ಇದನ್ನು ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು, ಅವರ ತವರು ಆ ಕಡೆಯದೇ.

ಈಗ ನಮ್ಮ ಮನೆಯ ಡಿಸೆಂಬರ್ ಬೇರೆ ರೀತಿ. ಗೋದಲಿ ಕಟ್ಟುವ ಮೂಲೆಯಲ್ಲೇ ತೂಕದ ಮೆಷೀನು ಇದೆ. ಎದ್ದು ಬಚ್ಚಲಿಗೆ ಹೋಗಿ ಬಂದು, ತಿಂಡಿಗೆ ಮೊದಲು ಅತ್ತೆ ಅದರ ಮೇಲೆ ನಿಲ್ಲುತ್ತಾರೆ. ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಹಬ್ಬಕ್ಕೆ ಮುಂಚಿನ ಆಗಮನ ಕಾಲದ ಮೇಣದ ಬತ್ತಿ ಹಚ್ಚುವುದೂ ಅವಳ ಕೆಲಸವೇ, ಎರಡನ್ನೂ ಒಟ್ಟಿಗೆ ಮುಗಿಸುತ್ತಾಳೆ. ಡಾಕ್ಟರ ಭೇಟಿಯನ್ನು ಆಗಮನ ಕಾಲದ ಮೊದಲ ವಾರಕ್ಕೇ ಬರೆಸಿಬಿಡುತ್ತೇವೆ. ನಡುರಾತ್ರಿಯ ಪೂಜೆಗೆ ಹುಡುಗರು ಹೋಗುತ್ತಾರೆ, ಅತ್ತೆ ಮಾವ ಬೆಳಗಿನ ಪೂಜೆಗೆ, ಬಿಸಿಲು ಬಿದ್ದ ಮೇಲೆ. ಕ್ರಿಸ್ಮಸ್ಸಿಗೆ ರಾತ್ರಿ, ಮುಂಜಾನೆ, ಹಗಲು ಎಂದು ಬೇರೆ ಬೇರೆ ಪೂಜೆಗಳಿರುವಾಗ ಹಗಲಿನದು ರಾತ್ರಿಯದಕ್ಕಿಂತ ಕಡಿಮೆಯಲ್ಲ. ನೀರು ಹೋಗುವ ಮಾತ್ರೆಯನ್ನು ಅಂದು ಎಷ್ಟು ಹೊತ್ತಿಗೆ ನುಂಗಬೇಕೆಂದು ಮೊದಲೇ ಡಾಕ್ಟರನ್ನು ಕೇಳಿಕೊಳ್ಳುತ್ತೇವೆ, ದೇವಾಲಯದಲ್ಲಿ ಪಕ್ಕದ ಬಾಗಿಲ ಹತ್ತಿರದ ಬೆಂಚು ಹಿಡಿಯುತ್ತೇವೆ.

ಸಕ್ಕರೆಯ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ, ಉಪ್ಪು ಮಾತ್ರ ಕದ್ದು ಬರುತ್ತದೆ. ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿ ಸರಿ, ಕೇಕಿಗೆ ಹಾಕುವ ಸೋಡದಲ್ಲೂ ಸೋಡಿಯಂ ಇದೆ. ಗಟ್ಟಿಮುಟ್ಟಾದ ಮನುಷ್ಯನಿಗೇ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ, ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಹಬ್ಬದ ಮಟನ್ ಸಾರನ್ನು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಕಮ್ಮಿ ಉಪ್ಪಿನಲ್ಲೇ ಮಾಡುತ್ತೇನೆ, ಬೇಕಾದವರು ತಟ್ಟೆಗೆ ಹಾಕಿಕೊಳ್ಳುತ್ತಾರೆ. ಅತ್ತೆಗೆಂದು ಸಣ್ಣ ಪಾತ್ರೆಯಲ್ಲಿ ಸಪ್ಪೆ ಸಾರು ಬೇರೆ ಇಟ್ಟರೆ ಹಬ್ಬದ ದಿನ ಅವರೊಬ್ಬರೇ ಪಂಕ್ತಿಯಿಂದ ಹೊರಗಾದ ಹಾಗೆ. ಕಲ್ಕಲವನ್ನು ಅವರೇ ಸುತ್ತುತ್ತಾರೆ, ಕುರ್ಚಿಯ ಮೇಲೆ ಕೂತು, ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟು. ಸಕ್ಕರೆ ಪಾಕಕ್ಕೆ ಹಾಕುವ ಮೊದಲು ತಮಗೆಂದು ನಾಲ್ಕು ತೆಗೆದಿಡುತ್ತಾರೆ.

ಹೋದ ವಾರ ಅವರ ಅಕ್ಕ ಊರಿಂದ ಫೋನ್ ಮಾಡಿದ್ದರು. ಅವರಿಗೂ ಸಕ್ಕರೆ ಕಾಯಿಲೆ. ಹಬ್ಬದ ಪೂಜೆಗೆ ಈ ಸಲವೂ ಬರಿಹೊಟ್ಟೆಯಲ್ಲೇ ಹೋಗುವವರಿದ್ದರು. ಅತ್ತೆ ಆಸ್ಪತ್ರೆಯಲ್ಲಿ ಫಾದರ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದರು, ನಿಯಮದ ಸಂಖ್ಯೆಯನ್ನು ನನ್ನನ್ನು ಕೇಳಿ ಅದನ್ನೂ ಹೇಳಿದರು. ಅಕ್ಕ ನಂಬಲಿಲ್ಲ. ‘ನಮ್ಮ ಸ್ವಾಮಿಯೋರ ಬಾಯಿಂದಾನೇ ಕೇಳ್ತೀನಿ’ ಅಂದರಂತೆ. ‘ಕೇಳು, ಭಾನುವಾರಾನೇ ಕೇಳು’ ಅಂದರು ಅತ್ತೆ, ‘ಆದ್ರೆ ಅವತ್ತು ಎರಡು ಇಡ್ಲಿ ತಿಂದ್ಕೊಂಡು ಹೋಗಿ ಕೇಳು.’