ಮುಂದೆ ಅಕ್ಕೋರು, ಹಿಂದೆ ನಾವೆಲ್ಲ

ಗೋಕರ್ಣದ ಊರ ದಂಡೆಯಿಂದ ತೆಂಕಲಿಗೆ ಹೊರಟರೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಒಂದಾದ ಮೇಲೊಂದು ಸಿಗುತ್ತವೆ. ಎರಡು ಬೀಚುಗಳ ನಡುವೆ ಕಡಲಿಗೆ ಚಾಚಿಕೊಂಡ ಒಂದೊಂದು ಗುಡ್ಡ. ಆ ಗುಡ್ಡಗಳ ಕಾಲುದಾರಿಯಲ್ಲಿ ಬೆಳಬೆಳಿಗ್ಗೆ ಗುಂಪು ಕಟ್ಟಿಕೊಂಡು ನಡೆಯುವುದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಬೆಳಿಗ್ಗೆಯೇ ಏಕೆಂದರೆ, ಇಲ್ಲಿ ಸೂರ್ಯ ಹುಟ್ಟುವುದು ಗುಡ್ಡದ ಬೆನ್ನಿಗೆ. ನೆತ್ತಿಯ ಕರಡದ ಹುಲ್ಲು ಬಿಸಿಲಿಗೆ ಹೊಳೆಯುವಾಗಲೂ ಕೆಳಗಿನ ಮರಳು ನೆರಳಲ್ಲೇ ತಣ್ಣಗಿರುತ್ತದೆ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ನೀರಿನತ್ತ ಬೀಸುತ್ತದೆ. ಹಿಂದೆ ಹಾಯಿದೋಣಿಗಳು ಕಡಲಿಗಿಳಿಯಲು ನಂಬಿದ್ದು ಈ ಗಾಳಿಯನ್ನೇ. ಹೊತ್ತೇರಿದರೆ ಅದು ದಿಕ್ಕು ಬದಲಿಸುತ್ತದೆ, ಬೆವರು ಶುರುವಾಗುತ್ತದೆ.

ದಾರಿ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ಸಾಗಬೇಕು. ನಿಧಾನಕ್ಕೆ ನಡೆಯುವವರೇ ಮುಂದಿರಬೇಕೆಂಬುದು ನಮ್ಮ ಕಟ್ಟಳೆ. ಹಾಗಾಗಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು ಮುಂದೆ, ಕಾಲೇಜು ಹುಡುಗರು ಹಿಂದೆ. ಅಕ್ಕೋರು ನಿಂತಲ್ಲಿ ಎಲ್ಲರೂ ನಿಲ್ಲಬೇಕು. ನಿಂತದ್ದರಿಂದಲೇ ಕಾಣುವುದು ಎಷ್ಟೋ! ತೂತುತೂತಾದ ಕೆಂಪು ಕಲ್ಲನ್ನು ಸವರಿ ಅವರು, "ಮಳೆ ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋಯ್ತು, ಕಬ್ಬಿಣದ ಅಂಶ ಇಲ್ಲೇ ಉಳೀತು, ಅದಕ್ಕೇ ಈ ಬಣ್ಣ" ಎನ್ನುತ್ತಾರೆ. "ಅಕ್ಕೋರೆ, ಅಲ್ನೋಡಿ!" ಎಂದು ಹಿಂದಿನಿಂದ ಹುಡುಗನೊಬ್ಬ ಕೂಗುತ್ತಾನೆ. ಬಿಳಿಹೊಟ್ಟೆಯ ಕಡಲಹದ್ದು, ರೆಕ್ಕೆ ಬಡಿಯದೆ, ನಮ್ಮ ಕಣ್ಣಿನ ಮಟ್ಟದಲ್ಲೇ ತೇಲಿ ಹೋಗುತ್ತದೆ. ಒಬ್ಬನೇ ಬಂದಿದ್ದರೆ ನಾನು ಕಾಲಿನಡಿಯ ಜಲ್ಲಿಯನ್ನೇ ನೋಡುತ್ತ ದಾಟಿಬಿಡುತ್ತಿದ್ದೆ.

ಓಂ ಬೀಚಿನ ಆಕಾರವೂ ಮೇಲಿನಿಂದ ನೋಡಿದವರಿಗೇ ದಕ್ಕುವುದು. ನಡುವೆ ಬಂಡೆ, ಅದರ ಎರಡೂ ಮಗ್ಗುಲಲ್ಲಿ ಬಾಗಿದ ಮರಳು. ಇಳಿತದ ಹೊತ್ತಾಗಿದ್ದರೆ ಕೆಳಗಿಳಿದು ಬಂಡೆಸಂದಿನ ಹೊಂಡಗಳಲ್ಲಿ ಏಡಿ, ಪುಟ್ಟ ಮೀನು ನೋಡುತ್ತೇವೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಹೊರಡುವ ಮೊದಲು ಮೀನುಗಾರರನ್ನು ಕೇಳಿಕೊಳ್ಳುವುದು ರೂಢಿ.

ಏರಿನಲ್ಲಿ ಮಾತು ತಾನಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಮತ್ತೆ ಹುಟ್ಟುತ್ತದೆ. ಜಾರುವಲ್ಲಿ ಹೆಸರೂ ಗೊತ್ತಿಲ್ಲದವರು ಕೈ ಕೊಡುತ್ತಾರೆ. ಕಡಲು ನೋಡಲು ಒಬ್ಬರೇ ಸಾಕು, ಈ ದಾರಿಯನ್ನು ಪೂರ್ತಿ ನೋಡಲು ಹತ್ತು ಜೊತೆ ಕಣ್ಣು ಬೇಕು. ಮಳೆಗಾಲ ಕಳೆದು ಕಲ್ಲಿನ ಪಾಚಿ ಒಣಗಿದ ಮೇಲೆ ಬನ್ನಿ. ಬರುವಾಗ ಮನೆಯ ಹಿರಿಯರನ್ನೂ ಕರೆತನ್ನಿ, ಅವರನ್ನೇ ಮುಂದೆ ಬಿಡಿ.