ಆಂಟಾಪ್ ಹಿಲ್ಲಿನ ಥಂಡಿ ದಿನಗಳು

"ಮುಂಬಯ್ಯಾಗ ಥಂಡಿ ಅಂತ ಒಂದು ಇರ್ತದೇನೋ?"

ಊರಿಗೆ ಹೋದಾಗಲೆಲ್ಲ ನಮ್ಮ ಕಾಕಾ ಕೇಳುವ ಪ್ರಶ್ನೆ ಇದು. ರೋಣದ ಕಡೆಯ ಎರೆ ಹೊಲಗಳಲ್ಲಿ ಡಿಸೆಂಬರಿನ ಬೆಳಗು ಕಂಡವರಿಗೆ ಈ ಅನುಮಾನ ಬರುವುದು ಸಹಜವೇ. ಹಿಂಗಾರಿ ಜೋಳ ಎದೆಯುದ್ದ ನಿಂತಿರುತ್ತದೆ, ಕಡಲೆ ಗಿಡದ ಮೇಲೆ ಇಬ್ಬನಿ, ಮನೆಯ ಮುಂದೆ ಕಸಕಡ್ಡಿ ಉರಿಸಿ ಕೈ ಕಾಯಿಸಿಕೊಳ್ಳುವ ಮುದುಕರು. ಆ ಥಂಡಿ ನಮಗಿಲ್ಲಿ ಎಲ್ಲಿಂದ ಬರಬೇಕು?

ಆದರೂ ಇದೆ ಅಂತಲೇ ನಾನು ಹೇಳುತ್ತೇನೆ. 1962ರ ಜನವರಿ 22ರಂದು ಸಾಂತಾಕ್ರೂಜಿನಲ್ಲಿ 7.4 ಡಿಗ್ರಿಗೆ ಇಳಿದಿತ್ತಂತೆ. ಅದು ದಾಖಲೆ. ನಾವು ಕಂಡದ್ದು ಹದಿನಾರು, ಹದಿನೇಳು. ಅಷ್ಟಕ್ಕೇ ನಮ್ಮ ಸೊಸೈಟಿಯ ವಾಚಮನ್ ಮಂಕಿ ಕ್ಯಾಪು ಹಾಕಿಕೊಂಡು, ಅದರ ಮೇಲೊಂದು ಮಫ್ಲರ್ ಸುತ್ತಿಕೊಂಡು ಕೂಡುತ್ತಾನೆ. ಮುಂಬಯಿಯ ಥಂಡಿ ನೆಂಟರ ಹಾಗೆ. ಬಂತು ಅನ್ನುವಷ್ಟರಲ್ಲಿ ಹೊರಟು ನಿಂತಿರುತ್ತದೆ. ಬಂದಾಗಲೇ ಮಾತಾಡಿಸಬೇಕು.

ಆಂಟಾಪ್ ಹಿಲ್ ಅಂದರೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ವಡಾಲಾ, ಸಯನ್ ಇವುಗಳ ನಡುವೆ ಸಿಕ್ಕಿಕೊಂಡಿರುವ ಜಾಗ. ಕೇಂದ್ರ ಸರಕಾರಿ ನೌಕರರ ದೊಡ್ಡ ಕಾಲನಿ, ಅದರ ಮಗ್ಗುಲಿಗೆ ಝೋಪಡಪಟ್ಟಿ, ಈಚೆಗೆ ಎದ್ದ ಎತ್ತರದ ಕಟ್ಟಡಗಳು. ಕನ್ನಡ ನಾಟಕ, ಭಾಷಣ ಬೇಕೆನಿಸಿದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಹತ್ತಿರದಲ್ಲೇ ಇದೆ. 1926ರಲ್ಲಿ ಹುಟ್ಟಿದ ಸಂಸ್ಥೆ ಅದು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ನಾನು 1994ರಲ್ಲಿ ವರ್ಗವಾಗಿ ಇಲ್ಲಿಗೆ ಬಂದೆ. ಮೊದಲು ಬಾಡಿಗೆ ಮನೆ, ಆಮೇಲೆ ಸಾಲ ಮಾಡಿ ಇಲ್ಲೇ ಒಂದು ಸಣ್ಣ ಫ್ಲ್ಯಾಟು. ಮುಂದೆ ಬ್ಯಾಂಕು ನನ್ನನ್ನು ಊರೂರು ತಿರುಗಿಸಿತು, ಸಂಸಾರ ಮಾತ್ರ ಇಲ್ಲೇ ಬೇರು ಬಿಟ್ಟಿತು. ಈಗ ನಾನು ನಿವೃತ್ತ. ಮಗ, ಸೊಸೆ ಇಬ್ಬರೂ ನೌಕರಿಯವರು. ಮೊಮ್ಮಕ್ಕಳಿಬ್ಬರು ನಮ್ಮಿಬ್ಬರ ಸುಪರ್ದಿಗೆ.

ನಮ್ಮ ಮನೆಯಲ್ಲಿ ಥಂಡಿಗಾಲ ಸುರುವಾಗುವುದು ಕೌದಿಯಿಂದ. 1988ರಲ್ಲಿ ಮಗ ಹುಟ್ಟಿದಾಗ ನಮ್ಮವ್ವ ಹಳೆ ಇಲಕಲ್ಲ ಸೀರಿ, ಅಪ್ಪನ ಧೋತರ ಎಲ್ಲಾ ಕೂಡಿಸಿ ಹೊಲಿದು ಕೊಟ್ಟ ಕೌದಿ ಅದು. ಇಲ್ಲಿಯ ಸೆಕೆಗೆ ಅದನ್ನು ಹೊದ್ದುಕೊಂಡರೆ ಬೆಂದೇ ಹೋಗಬೇಕು. ಆದರೂ ಡಿಸೆಂಬರ್ ಬಂತೆಂದರೆ ನನ್ನ ಹೆಂಡತಿ ಟ್ರಂಕಿನಿಂದ ತೆಗೆದು ಗಚ್ಚಿನ ಮೇಲೆ ಬಿಸಿಲಿಗೆ ಹಾಕುತ್ತಾಳೆ. ಮೊಮ್ಮಕ್ಕಳು ಅದರ ಮೇಲೆ ಉರುಳಾಡುತ್ತಾರೆ. ರಾತ್ರಿ ಕಾಂಪೌಂಡಿನಲ್ಲಿ ಬಲ್ಬು ಕಟ್ಟಿ ಬ್ಯಾಡ್ಮಿಂಟನ್. ಎದುರು ಮನೆಯ ಗುಜರಾತಿ ಬಾಯಿಯಿಂದ ಒಂದು ಡಬ್ಬಿ ಊಂಧಿಯು ಬರುತ್ತದೆ, ನಮ್ಮಿಂದ ಶೇಂಗಾ ಹೋಳಿಗೆ ಹೋಗುತ್ತದೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲವಿಲ್ಲ. ಸಜ್ಜಿ ರೊಟ್ಟಿ, ಎಣಗಾಯಿ ಪಲ್ಲೆ ಕಟ್ಟಿಕೊಂಡು ಗಚ್ಚಿನ ಮೇಲೆಯೇ ಹೋಗಿ ಉಂಡು, ತುಳಸಿ ಕುಂಡಕ್ಕೆ ಒಂದು ತುತ್ತು ಹಾಕಿ ಬರುತ್ತೇವೆ. ಜನವರಿ ಕೊನೆಗೆ ನಮ್ಮ ಸೀತನಿ ಇಲ್ಲಿಯೂ ಬರುತ್ತದೆ, 'ಹುರಡಾ' ಅಂತ ಹೆಸರು ಬದಲಿಸಿಕೊಂಡು. ತಿಂದರೆ ಅದೇ ಎಳೆ ಜೋಳ, ಅದೇ ಹೊಗೆ ವಾಸನೆ.

ಇಷ್ಟೆಲ್ಲ ಈಗಿನ ಮಾತು. ನನ್ನ ಮಗ ಸಣ್ಣವನಿದ್ದಾಗ ನಾನು ಥಂಡಿಗಾಲ ನೋಡಲೇ ಇಲ್ಲ. ಅದರದ್ದೊಂದು ಕತೆಯಿದೆ. ಹೇಳಿಬಿಡುತ್ತೇನೆ.

1997ರ ಡಿಸೆಂಬರ್. ಮಗನಿಗೆ ಒಂಬತ್ತು ವರ್ಷ. ಘಾರಾಪುರಿ ದ್ವೀಪಕ್ಕೆ, ಅಂದರೆ ಎಲಿಫೆಂಟಾ ಗುಹೆಗಳಿಗೆ ಕರೆದುಕೊಂಡು ಹೋಗು ಅಂತ ಗಂಟು ಬಿದ್ದಿದ್ದ. ನಾನು "ನೋಡೋಣ, ನೋಡೋಣ" ಅನ್ನುತ್ತಲೇ ಎರಡು ವರ್ಷ ತಳ್ಳಿದ್ದೆ. ಕೊನೆಗೂ ಡಿಸೆಂಬರದ ಕೊನೆಯ ಭಾನುವಾರ ಅಂತ ನಿಕ್ಕಿಯಾಯಿತು. ಅವನು ನಸುಕಿನಲ್ಲೇ ಎದ್ದು, ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದ. ಆರೂವರೆಗೆ ಮ್ಯಾನೇಜರರ ಫೋನು: ಸೋಮವಾರ ಇನ್‌ಸ್ಪೆಕ್ಷನ್ನಿಗೆ ಬರುತ್ತಿದ್ದಾರೆ, ಸೇವಿಂಗ್ಸ್ ಲೆಡ್ಜರು ತಾಳೆಯಾಗಿಲ್ಲ, ಕೂಡಲೇ ಬರಬೇಕು.

ವ್ಯತ್ಯಾಸ ಎಷ್ಟು ಗೊತ್ತೇ? ಇಪ್ಪತ್ತೇಳು ರೂಪಾಯಿ! ನಮ್ಮ ಕಾಲದ ಬ್ಯಾಂಕಿನವರಿಗೆ ಒಂದು ಗುಟ್ಟು ತಿಳಿದಿರುತ್ತದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲು ಬದಲಾಗಿರಬೇಕು. ಹಾಗೇ ಆಗಿತ್ತು. ಯಾರೋ 85ನ್ನು 58 ಅಂತ ಬರೆದಿದ್ದರು. ಆದರೆ ಗುಟ್ಟು ಗೊತ್ತಿದ್ದರೇನು, ಸಾವಿರಾರು ಖಾತೆಗಳಲ್ಲಿ ಆ ಒಂದು ಸಾಲು ಸಿಗುವಷ್ಟರಲ್ಲಿ ಸಂಜೆ ಏಳಾಯಿತು. ಸಿಕ್ಕಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಚಹಾ ತರಿಸಿದೆವು.

ಮನೆಗೆ ಬಂದಾಗ ಮಗ ಬೂಟು ಹಾಕಿಕೊಂಡೇ ಆ ಕೌದಿಯೊಳಗೆ ಮಲಗಿದ್ದ. ಅಳುತ್ತಿರಲಿಲ್ಲ. "ಮುಂದಿನ ವಾರ ಹೋಗೋಣಂತ" ಅಂದೆ. "ಹೂಂ" ಅಂದ. ಮತ್ತೆ ಎಂದೂ ಕೇಳಲಿಲ್ಲ. ಕೇಳದಿದ್ದದ್ದು ನನಗೆ ಅನುಕೂಲವೇ ಆಯಿತು. ಮರೆತುಬಿಟ್ಟೆ.

2024ರ ಡಿಸೆಂಬರಿನಲ್ಲಿ ಅದೇ ಮಾತು ಮನೆಗೆ ತಿರುಗಿ ಬಂತು. ಈ ಸಲ ಕೇಳಿದವಳು ಮೊಮ್ಮಗಳು. ಅವಳಿಗೂ ಒಂಬತ್ತು ವರ್ಷ. ಅವಳ ತಮ್ಮನಿಗೆ ಆರು. ಡಿಸೆಂಬರ್ 22ರ ಭಾನುವಾರ ಹೋಗುವುದೆಂದು ನಿಶ್ಚಯ ಮಾಡಿದೆವು. ಅಷ್ಟರಲ್ಲಿ 18ರ ಬುಧವಾರ ಆ ಘೋರ ಸುದ್ದಿ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ದೋಣಿಗೆ ವೇಗದ ದೋಣಿಯೊಂದು ಬಡಿದು ಹದಿನೈದು ಜೀವ ಹೋದವು. ಮಕ್ಕಳೂ ಇದ್ದರು. ಟೀವಿ ನೋಡುತ್ತ ನನ್ನ ಹೆಂಡತಿ ಅಡಿಗೆಮನೆಗೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ "ರೀ, ಆ ದೋಣಿ ಸುದ್ದಿ ಈ ಮನ್ಯಾಗ ಇನ್ನ ತೆಗೀಬ್ಯಾಡ್ರಿ" ಅಂದಳು.

ಯಾರು ತೆಗೆಯುತ್ತಾರೆ? ಮಕ್ಕಳನ್ನು ಸಮಾಧಾನ ಮಾಡಲಿಕ್ಕೆ ಆ ಭಾನುವಾರ ಭಾಯ್‌ಖಳಾದ ಜೀಜಾಮಾತಾ ಉದ್ಯಾನಕ್ಕೆ ಕರೆದುಕೊಂಡು ಹೋದೆವು. ನಮ್ಮ ಆಂಟಾಪ್ ಹಿಲ್ ನಿಲ್ದಾಣದಿಂದ ಮೊನೊರೈಲು ಹತ್ತಿದೆವು. ಆಗಿನ್ನೂ ಅದು ಓಡುತ್ತಿತ್ತು. 2025ರ ಸೆಪ್ಟೆಂಬರ್ 20ರಿಂದ ನಿಲ್ಲಿಸಿದರು. ಒಳಗಿನ ನಕ್ಷೆಯಲ್ಲಿ ಚೆಂಬೂರಿನ ಕಡೆಯ ಒಂದು ನಿಲ್ದಾಣದ ಹೆಸರು 'ಮೈಸೂರ್ ಕಾಲನಿ'. ಮೊಮ್ಮಗ ಕೂಡಿಸಿ ಕೂಡಿಸಿ ಓದಿ, "ಅಜ್ಜಾ, ಈ ಗಾಡಿ ಮೈಸೂರಿಗೆ ಹೋಗ್ತದ?" ಅಂದ. ಪಕ್ಕದಲ್ಲಿದ್ದ ಮರಾಠಿ ಮುದುಕರೊಬ್ಬರಿಗೆ ನಾನು ಅರ್ಥ ಹೇಳಿದೆ. ಅವರೂ ನಕ್ಕರು.

ಉದ್ಯಾನದಲ್ಲಿ ಮಕ್ಕಳು ಪೆಂಗ್ವಿನ್ ನೋಡಲು ಓಡಿದರು. ನಾನು ಅವರನ್ನು ಕಲ್ಲಿನ ಆನೆಯೊಂದರ ಮುಂದೆ ನಿಲ್ಲಿಸಿದೆ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಬಳಿ ಅದು ನಿಂತಿದೆ. ಮೊದಲು ಘಾರಾಪುರಿಯಲ್ಲೇ ಇದ್ದದ್ದು. ಪೋರ್ತುಗೀಜರು ದ್ವೀಪಕ್ಕೆ 'ಎಲಿಫೆಂಟಾ' ಅಂತ ಹೆಸರಿಟ್ಟದ್ದು ಈ ಆನೆಯಿಂದಲೇ. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಎತ್ತುವಾಗ ಬಿದ್ದು ಒಡೆಯಿತು. ಆಮೇಲೆ ಚೂರುಗಳನ್ನು ಕೂಡಿಸಿ ಇಲ್ಲಿ ನಿಲ್ಲಿಸಿದರು. ಮೊಮ್ಮಗಳು ಎಲ್ಲಾ ಕೇಳಿಸಿಕೊಂಡಳು.

"ಅಂದರೆ ಆನೆ ಇಲ್ಲಿ, ಅದರ ಊರು ಅಲ್ಲಿ. ಊರು ಯಾವಾಗ ನೋಡೋದು ಅಜ್ಜಾ?"

"ನೋಡೋಣ" ಅಂದೆ.

"ಪಪ್ಪಾಗೂ ನೀ ಹಿಂಗ ಹೇಳಿದ್ದೆಂತಲ್ಲ?"

ನಾನು ಮಗನ ಕಡೆ ನೋಡಿದೆ. ಅವನು ತಮ್ಮನ ಬೂಟಿನ ದಾರ ಕಟ್ಟಿಕೊಡುವ ಹುಡುಗನ ಹಾಗೆ ಬಗ್ಗಿ, ತನ್ನ ಮಗನ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. ನಾನು ಮರೆತದ್ದನ್ನು ಅವನು ಮರೆತಿರಲಿಲ್ಲ. ಮಕ್ಕಳಿಗೆ ಕತೆ ಮಾಡಿ ಹೇಳಿದ್ದ, ಅಷ್ಟೇ. ಬೈದು ಹೇಳಿರಲಿಲ್ಲ. ಆದರೂ ನನಗೆ ಆ ಜಾಗದಲ್ಲಿ ನಿಲ್ಲಲಾಗಲಿಲ್ಲ.

ಅಂದಿನಿಂದ ಎರಡು ಯೋಚನೆ ನನ್ನನ್ನು ಜಗ್ಗಾಡಿದವು. ಹದಿನೈದು ಜನ ಸತ್ತ ನೀರಿನ ಮೇಲೆ ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವುದೇ? ಬಿಟ್ಟರೆ ಇದೂ ಇನ್ನೊಂದು 'ನೋಡೋಣ' ಆಗುವುದಿಲ್ಲವೇ? ಅಪಘಾತದ ನಂತರ ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಕಡ್ಡಾಯ ಮಾಡಿದ್ದಾರೆಂದು ಪೇಪರಿನಲ್ಲಿ ಬಂತು. ನಾನೊಬ್ಬನೇ ಒಂದು ದಿನ ಗೇಟ್‌ವೇಗೆ ಹೋಗಿ ಧಕ್ಕೆಯ ಮೇಲೆ ಎರಡು ತಾಸು ನಿಂತು ನೋಡಿದೆ, ಹಾಕಿಸುತ್ತಾರೋ ಇಲ್ಲವೋ ಅಂತ. ಹಾಕಿಸುತ್ತಿದ್ದರು. ಬ್ಯಾಂಕಿನ ಚಾಳಿ, ಕಣ್ಣಾರೆ ಕಾಣದೆ ಸಹಿ ಮಾಡುವುದಿಲ್ಲ. ಎಳ್ಳಮವಾಸ್ಯೆಯ ದಿನ ಗಚ್ಚಿನ ಮೇಲೆ ಉಣ್ಣುವಾಗ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸುಮ್ಮನೆ ರೊಟ್ಟಿ ಮುರಿದು ಉಂಡಳು. ಕಡೆಗೆ, "ನಾನೂ ಬರ್ತೀನಿ. ಮನ್ಯಾಗ ಕೂತು ಹೆದರೋದ್ಕಿಂತ ಅಲ್ಲೇ ಹೆದರ್ತೀನಿ" ಅಂದಳು.

2025ರ ಜನವರಿ 4, ಶನಿವಾರ. ಗೇಟ್‌ವೇಗೆ ಹಿಂದಿನ ತಿಂಗಳಷ್ಟೇ ನೂರು ವರ್ಷ ತುಂಬಿತ್ತು. ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. ಆರೂ ಜನ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ಕೂತೆವು. ಹೆಂಡತಿ ಒಂದು ಕೈಯಲ್ಲಿ ಮೊಮ್ಮಗನ ಜಾಕೆಟ್ಟಿನ ಪಟ್ಟಿ ಹಿಡಿದಿದ್ದಳು, ದಾರಿಯುದ್ದಕ್ಕೂ ಬಿಡಲಿಲ್ಲ. ಒಂದು ತಾಸಿನ ದಾರಿ. ಥಂಡಿಗಾಲಕ್ಕೆ ಬರುವ ಕಡಲ ಹಕ್ಕಿಗಳು ದೋಣಿಯ ಜೊತೆಗೇ ಹಾರಿ ಬಂದವು. ಹೊಸ ಗಾಳಿಗೆ ನಿಜವಾಗಿಯೂ ಥಂಡಿ ಹತ್ತಿತು. ಮಗ ನನ್ನ ಪಕ್ಕದಲ್ಲಿದ್ದ.

"ನೀ ಕಾಲೇಜಿನವರ ಜೋಡಿ ಬಂದಿರಬೇಕಲ್ಲ?" ಅಂತ ಕೇಳಿದೆ.

"ಇಲ್ಲಪ್ಪಾ. ಎರಡು ಸಲ ಅವರು ಹೋದರು. ನನಗ ಹೋಗಬೇಕನಸಲಿಲ್ಲ."

ಅಷ್ಟೇ ಮಾತು. ನಾನು ನೀರಿನ ಕಡೆ ನೋಡುತ್ತ ಕೂತೆ.

ಧಕ್ಕೆಯಿಂದ ಪುಟ್ಟ ರೈಲು, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು, ಎರಡೂ ಕಡೆ ಅಂಗಡಿ, ಕೈಯಲ್ಲಿದ್ದದ್ದನ್ನು ಕಸಿಯುವ ಮಂಗಗಳು. ಈ ದ್ವೀಪದ ಊರುಗಳಿಗೆ ಸಮುದ್ರದ ತಳದ ಕೇಬಲ್ಲಿನಿಂದ ಕರೆಂಟು ಬಂದದ್ದೇ 2018ರಲ್ಲಿ. ಮುಂಬಯಿಯ ದೀಪಗಳನ್ನು ಎದುರಿಗೇ ನೋಡುತ್ತ ಇವರು ಕತ್ತಲಲ್ಲಿದ್ದರು!

ಗುಹೆಯೊಳಗೆ ಕಾಲಿಟ್ಟರೆ ಮೊದಲು ಕತ್ತಲೆ, ಆಮೇಲೆ ಸಾವಕಾಶ ಸದಾಶಿವ ಮೂಡುತ್ತಾನೆ. ಹದಿನೆಂಟಿಪ್ಪತ್ತು ಅಡಿ ಎತ್ತರದ ಮೂರು ಮುಖ. ಆರನೆಯ ಶತಮಾನದ ಕೆಲಸ. ನಮ್ಮ ಬಾದಾಮಿಯ ಮೂರನೆಯ ಗುಹೆಯ ಕಾಲ 578. ಹೆಚ್ಚು ಕಡಿಮೆ ಅದೇ ಕಾಲದವು. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕಪ್ಪು ಕಲ್ಲು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಲ್ಲಿ ಪುಲಿಕೇಶಿ ನಾವೆಗಳನ್ನು ತಂದು 'ಪುರಿ'ಯನ್ನು ಮುತ್ತಿದ ಸಂಗತಿ ಇದೆ. ಆ ಪುರಿ ಇದೇ ಘಾರಾಪುರಿ ಅನ್ನುವ ಇತಿಹಾಸಕಾರರಿದ್ದಾರೆ. ಒಪ್ಪದವರೂ ಇದ್ದಾರೆ. ನಾನು ಮೊಮ್ಮಕ್ಕಳಿಗೆ, "ನಮಗಿಂತ ಮೊದಲ ನಮ್ಮೂರ ಕಡೆಯವನೊಬ್ಬ ದೋಣಿ ತಗೊಂಡು ಇಲ್ಲಿಗೆ ಬಂದಿದ್ದನಂತ" ಅಂದೆ. "ಅವಂಗ ಲೈಫ್ ಜಾಕೆಟ್ ಇತ್ತಾ?" ಅಂತ ಚಿಕ್ಕವನ ಪ್ರಶ್ನೆ.

ಮೂರು ಮುಖಗಳಲ್ಲಿ ಒಂದು ಉಗ್ರ, ಒಂದು ಸೌಮ್ಯ, ನಡುವಿನದು ಕಣ್ಣು ಮುಚ್ಚಿದ್ದು. ಮಗ ತನ್ನ ಮಕ್ಕಳಿಗೆ ತೋರಿಸಿ ಹೇಳುತ್ತಿದ್ದ: "ಈ ಸಿಟ್ಟಿನ ಮುಖ ಅಜ್ಜ ಬ್ಯಾಂಕಿನಿಂದ ಬಂದಾಗಿಂದು. ನಡುವಿಂದು ರವಿವಾರ ಮಧ್ಯಾಹ್ನದ್ದು." ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ರಾತ್ರಿ ಮನೆಗೆ ಬಂದು ಅಭ್ಯಾಸದಂತೆ ಖರ್ಚು ಬರೆಯಲು ಕೂತೆ. 1997, 2025. ಬೆರಳೆಣಿಸಿದೆ. ನಡುವೆ ಸರಿಯಾಗಿ ಇಪ್ಪತ್ತೇಳು ವರ್ಷ. ಆ ಭಾನುವಾರದ ಇಪ್ಪತ್ತೇಳು ರೂಪಾಯಿ ಸಂಜೆ ಏಳಕ್ಕೆ ಸಿಕ್ಕಿತ್ತು. ಈ ಇಪ್ಪತ್ತೇಳು ಯಾವ ಲೆಡ್ಜರಿನಲ್ಲೂ ತಾಳೆಯಾಗುವುದಿಲ್ಲ. ಅದು ಗೊತ್ತಿದ್ದೇ ಪುಸ್ತಕ ಮುಚ್ಚಿದೆ. ಮಕ್ಕಳಿಬ್ಬರೂ ದಣಿದು ಕೌದಿಯ ಮೇಲೆಯೇ ಮಲಗಿದ್ದರು. ಮಗ ಅವರ ಬೂಟು ಬಿಚ್ಚಿ ಬದಿಗಿಟ್ಟ.

ಸಂಕ್ರಮಣಕ್ಕೆ ಮಕ್ಕಳು ಗಚ್ಚಿನ ಮೇಲಿಂದ ಗಾಳಿಪಟ ಹಾರಿಸಿದರು. 'ತಿಳಗೂಳ ಘ್ಯಾ, ಗೋಡ ಗೋಡ ಬೋಲಾ' ಅನ್ನುತ್ತ ಇಡೀ ಸೊಸೈಟಿಗೆ ಎಳ್ಳುಬೆಲ್ಲ ಹಂಚಿದರು. ಆ ತಿಂಗಳಲ್ಲೇ ಶಿವಡಿಯ ಕೆಸರು ದಂಡೆಗೆ ಹೋಗಿ, ಅಟಲ್ ಸೇತುವೆಯ ಕೆಳಗೆ ನೀರು ಇಳಿದಾಗ ಮೇಯಲು ಬರುವ ಗುಲಾಬಿ ಫ್ಲೆಮಿಂಗೋಗಳನ್ನೂ ನೋಡಿ ಬಂದೆವು. ಹಿಂತಿರುಗುವಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ಆ ಕೆಂಪು ಕಲ್ಲಿನ ಗುಹೆ, ಬಾದಾಮಿ, ಅದನ್ನ ಯಾವಾಗ?"

'ನೋಡೋಣ' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮನೀಗೆ ಹೋಗಿ ಕ್ಯಾಲೆಂಡರ್ ತಾ" ಅಂದೆ. ಆ ವರ್ಷದ ದೀಪಾವಳಿ ರಜೆಗೆ ಬಾದಾಮಿ ನೋಡಿ, ಹಾಗೇ ಊರಿಗೂ ಹೋಗಿ ಬಂದೆವು. ಕಾಕಾ ಎಂದಿನಂತೆ, "ಮುಂಬಯ್ಯಾಗ ಥಂಡಿ ಇರ್ತದೇನೋ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗ, "ಇರ್ತದ ಅಜ್ಜಾ, ದೋಣ್ಯಾಗ ಇರ್ತದ" ಅಂದ.